ಹೋಬಿ ಬೇಕರ್ ಈ ಸಲ ಯಾರಿಗೆ?

ಕೇಳುಗರಿಗೆ ನಮಸ್ಕಾರ.

ಮೊದಲು ಒಂದು ಲೆಕ್ಕ ಕೇಳಿ. ಇಬ್ಬರು ಆಟಗಾರರಿದ್ದಾರೆ. ಒಬ್ಬ 38 ಪಂದ್ಯಗಳಲ್ಲಿ 35 ಗೋಲು ಹೊಡೆದಿದ್ದಾನೆ. ಇನ್ನೂ 36 ಗೋಲುಗಳಿಗೆ ನೆರವಾಗಿದ್ದಾನೆ. ಎರಡೂ ಸೇರಿ 71 ಪಾಯಿಂಟ್. ದೇಶದ ಯಾವ ಕಾಲೇಜಿನಲ್ಲೂ ಆ ವರ್ಷ ಅವನಿಗಿಂತ ಜಾಸ್ತಿ ಗಳಿಸಿದವರಿಲ್ಲ. ಇನ್ನೊಬ್ಬ 33 ಪಂದ್ಯಗಳಲ್ಲಿ 46 ಪಾಯಿಂಟ್ ಗಳಿಸಿದ್ದಾನೆ. ವರ್ಷದ ಅತ್ಯುತ್ತಮ ಆಟಗಾರ ಯಾರು? 71ರವನೇ, ಅಲ್ವಾ?

ಆದರೆ ಪ್ರಶಸ್ತಿ ಅವನಿಗೆ ಬರಲಿಲ್ಲ. 2016ರಲ್ಲಿ ಅಮೆರಿಕದ ಕಾಲೇಜು ಐಸ್ ಹಾಕಿಯ ಹೋಬಿ ಬೇಕರ್ ಪ್ರಶಸ್ತಿ ಮಿಷಿಗನ್ ವಿಶ್ವವಿದ್ಯಾಲಯದ ಕೈಲ್ ಕಾನರ್ ಕೈತಪ್ಪಿ, ಹಾರ್ವರ್ಡ್‌ನ ಜಿಮ್ಮಿ ವೆಸಿ ಪಾಲಾಯಿತು.

ಕಾನರ್ ಆಗ ಮೊದಲ ವರ್ಷದ ವಿದ್ಯಾರ್ಥಿ. ವೆಸಿ ಕೊನೆಯ ವರ್ಷದವನು. ಹಿಂದಿನ ವರ್ಷವೂ ಕೊನೆಯ ಮೂವರವರೆಗೆ ಬಂದು ಸೋತಿದ್ದ. ನ್ಯಾಶ್‌ವಿಲ್ ಎಂಬ ವೃತ್ತಿಪರ ತಂಡ ಅವನಿಗಾಗಿ ಕಾದು ಕೂತಿತ್ತು. ಸಹಿ ಹಾಕಿದ್ದರೆ ದುಡ್ಡು ಕೈಗೆ ಬರುತ್ತಿತ್ತು. ಅವನು ಹೋಗಲಿಲ್ಲ, ಓದು ಮುಗಿಸಲು ಕಾಲೇಜಿಗೇ ವಾಪಸ್ಸು ಬಂದ. ಓಟು ಹಾಕುವವರಿಗೆ ಇದೆಲ್ಲ ಕಾಣದೆ ಇರುತ್ತದೆಯೇ? ಈ ಪ್ರಶಸ್ತಿಯನ್ನು ಊಹಿಸುವವರು ಆಟಗಾರರನ್ನು ನೋಡಿದಷ್ಟೇ ಓಟು ಹಾಕುವವರನ್ನೂ ನೋಡಬೇಕು ಅಂತ ನಾನು ಹೇಳುವುದು ಇದಕ್ಕೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಮ್ಮ ಕೊಡಗಿನ ಮೈದಾನಗಳಲ್ಲಿ ಆಡುವ ಹಾಕಿ ಅಲ್ಲ. ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುತ್ತಾರೆ. ಚೆಂಡಿಲ್ಲ, ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಗೋಲು ಹೊಡೆದವನಿಗೆ ಒಂದು ಪಾಯಿಂಟ್. ಅದಕ್ಕೆ ಮುಂಚೆ ಪಕ್ ದಾಟಿಸಿ ನೆರವಾದವರಿಗೂ, ಹೆಚ್ಚೆಂದರೆ ಇಬ್ಬರಿಗೆ, ಒಂದೊಂದು ಪಾಯಿಂಟ್. ಅದನ್ನು ಅಸಿಸ್ಟ್ ಅನ್ನುತ್ತಾರೆ. ಮಿನೆಸೋಟ, ಮಿಷಿಗನ್, ಬಾಸ್ಟನ್ ಕಡೆ ಚಳಿಗಾಲ ಪೂರ್ತಿ ಇದೇ ಮಾತು. ಅಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸಿರುವ ನಮ್ಮ ಕನ್ನಡದವರಿಗೂ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ.

ಹೋಬಿ ಬೇಕರ್ ಯಾರು? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹುಡುಗ. 1892ರಲ್ಲಿ ಹುಟ್ಟಿದ, 1914ರಲ್ಲಿ ಪದವಿ ಪಡೆದ. ಅಮೆರಿಕನ್ ಫುಟ್‌ಬಾಲ್, ಐಸ್ ಹಾಕಿ ಎರಡರಲ್ಲೂ ಕಾಲೇಜಿಗೆ ನಾಯಕ. ಆಗಿನ ಹಾಕಿಯಲ್ಲಿ ಒಂದು ಕಡೆ ಏಳು ಜನ ಇರುತ್ತಿದ್ದರು. ಏಳನೆಯವನಿಗೆ ರೋವರ್ ಅಂತ ಹೆಸರು, ಎಲ್ಲಿ ಬೇಕಾದರೂ ಓಡಾಡಬಹುದಿತ್ತು. ಬೇಕರ್ ಅಂಥ ರೋವರ್. ದಂಡ ಹಾಕಿಸಿಕೊಂಡಿದ್ದು ತೀರಾ ಅಪರೂಪ. ಪಂದ್ಯ ಮುಗಿದ ಮೇಲೆ ಎದುರಾಳಿಗಳ ಕೋಣೆಗೆ ಹೋಗಿ ಕೈ ಕುಲುಕಿ ಬರುತ್ತಿದ್ದ. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ. ಯುದ್ಧ ಮುಗಿದಿತ್ತು, ಊರಿಗೆ ಮರಳುವ ಆದೇಶವೂ ಬಂದಿತ್ತು. ಕೊನೆಯದಾಗಿ ಒಂದು ಸಲ ಅಂತ, ರಿಪೇರಿಯಾಗಿದ್ದ ವಿಮಾನವನ್ನು ಪರೀಕ್ಷಿಸಲು ಹಾರಿಸಿದ. 1918ರ ಡಿಸೆಂಬರ್ 21ರಂದು ಫ್ರಾನ್ಸಿನ ತೂಲ್ ಬಳಿ ಅದು ನೆಲಕ್ಕೆ ಬಿತ್ತು. ಆಗ ಅವನಿಗೆ 26 ವರ್ಷ.

ಅವನ ಹೆಸರಿನ ಪ್ರಶಸ್ತಿ ಶುರುವಾಗಿದ್ದು 1981ರಲ್ಲಿ. ಅಂಥವನ ಹೆಸರಿಟ್ಟ ಮೇಲೆ ಬರೀ ಗೋಲು ಎಣಿಸಿ ಕೊಡಲು ಆಗುತ್ತದೆಯೇ? ನಿಯಮದಲ್ಲೇ ನಡತೆ, ಓದು, ಕ್ರೀಡಾ ಮನೋಭಾವ ಎಲ್ಲವೂ ಇವೆ. ಕೋಚ್‌ಗಳು ಹೆಸರು ಸೂಚಿಸುತ್ತಾರೆ. ಅಭಿಮಾನಿಗಳ ಓಟಿಗೂ ಒಂದು ಚಿಕ್ಕ ಪಾಲಿದೆ. ಹತ್ತು ಜನರ ಪಟ್ಟಿ ಬರುತ್ತದೆ. ಆಯ್ಕೆ ಸಮಿತಿ ಅದನ್ನು ಮೂವರಿಗೆ ಇಳಿಸುತ್ತದೆ, ಆ ಮೂವರಲ್ಲಿ ಒಬ್ಬನಿಗೆ ಪ್ರಶಸ್ತಿ.

ನಡತೆಯ ಮಾತು ನಿಜವಾಗಿ ಕೆಲಸ ಮಾಡುತ್ತದೆಯೇ? 2013 ನೋಡಿ. ಬಾಸ್ಟನ್ ಕಾಲೇಜಿನ ಜಾನಿ ಗೌಡ್ರೊ 35 ಪಂದ್ಯಗಳಲ್ಲಿ 51 ಪಾಯಿಂಟ್ ಗಳಿಸಿದ್ದ. ಗೆದ್ದವನು ಸೇಂಟ್ ಕ್ಲೌಡ್ ಸ್ಟೇಟ್‌ನ ಡ್ರೂ ಲೆಬ್ಲಾಂಕ್. ಹಿಂದಿನ ವರ್ಷ ಕಾಲು ಮುರಿದುಕೊಂಡು, ಐದನೇ ವರ್ಷ ಕಾಲೇಜಿಗೆ ಮರಳಿದ್ದ ಹುಡುಗ. ಗಣಿತದ ಮೇಷ್ಟ್ರಾಗಲು ಓದುತ್ತಿದ್ದ. ಅವನ ಕಾಲೇಜು ಮೊದಲ ಸಲ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿತ್ತು. ಇಷ್ಟೆಲ್ಲ ಒಬ್ಬನಲ್ಲೇ ಸೇರಿದರೆ ಒಂದು ಪಾಯಿಂಟ್ ಕಮ್ಮಿ ಇದ್ದರೇನು? ಗೌಡ್ರೊ ಸುಮ್ನೆ ಕೂರಲಿಲ್ಲ. ಮುಂದಿನ ವರ್ಷ 40 ಪಂದ್ಯಗಳಲ್ಲಿ 80 ಪಾಯಿಂಟ್ ಹೊಡೆದು ಪ್ರಶಸ್ತಿ ಒಯ್ದ. ಆ ಲೆಕ್ಕದ ಮುಂದೆ ಯಾರ ಕಥೆಯೂ ನಡೆಯುತ್ತಿರಲಿಲ್ಲ. ಅಂದರೆ ಅಂತರ ದೊಡ್ಡದಿದ್ದರೆ ಅಂಕಿ ಗೆಲ್ಲುತ್ತದೆ, ಚಿಕ್ಕದಿದ್ದರೆ ಕಥೆ ಗೆಲ್ಲುತ್ತದೆ. ಕಾನರ್‌ನಂಥ ಒಬ್ಬ ಬಂದು ಇದನ್ನೂ ಸುಳ್ಳು ಮಾಡುತ್ತಾನೆ, ಅದು ಬೇರೆ ಮಾತು.

ಗೋಲ್‌ಕೀಪರ್‌ಗಳ ಪಾಡು ನನಗೆ ಬೇಸರ ತರಿಸುವಂಥದ್ದು. 1981ರಿಂದ 2025ರವರೆಗೆ 45 ಜನ ಗೆದ್ದಿದ್ದಾರೆ. ಅದರಲ್ಲಿ ಗೋಲ್‌ಕೀಪರ್‌ಗಳು ಮೂವರೇ. 1988ರಲ್ಲಿ ಮಿನೆಸೋಟದ ರಾಬ್ ಸ್ಟಾಬರ್, 2001ರಲ್ಲಿ ಮಿಷಿಗನ್ ಸ್ಟೇಟ್‌ನ ರಯಾನ್ ಮಿಲ್ಲರ್, 2022ರಲ್ಲಿ ಮಿನೆಸೋಟ ಸ್ಟೇಟ್‌ನ ಡ್ರೈಡನ್ ಮೆಕೇ. ಕ್ರಿಕೆಟ್‌ನಲ್ಲಿ ಬೌಲರ್ ಪಂದ್ಯ ಗೆಲ್ಲಿಸಿ, ಶತಕ ಹೊಡೆದವನು ಕಾರಿನ ಕೀ ಈಸಿಕೊಂಡು ಹೋಗುತ್ತಾನಲ್ಲ, ಹಾಗೆ. ಮೆಕೇ ಆ ವರ್ಷ 38 ಪಂದ್ಯ ಗೆಲ್ಲಿಸಿದ್ದ. ನಾಲ್ಕು ವರ್ಷದಲ್ಲಿ 34 ಪಂದ್ಯಗಳಲ್ಲಿ ಎದುರಾಳಿಗೆ ಒಂದು ಗೋಲೂ ಬಿಟ್ಟಿರಲಿಲ್ಲ, ಅದು ದಾಖಲೆ. ಇಷ್ಟು ಮಾಡಿದರೆ ಗೋಲ್‌ಕೀಪರ್‌ಗೆ ಪ್ರಶಸ್ತಿ ಸಿಗಬಹುದು! 2016ರಲ್ಲಿ ಬಾಸ್ಟನ್ ಕಾಲೇಜಿನ ಥ್ಯಾಚರ್ ಡೆಮ್ಕೊ ಕೂಡ ಕೊನೆಯ ಮೂವರಲ್ಲಿದ್ದ, ಸಿಗಲಿಲ್ಲ.

ಹೆಂಗಸರ ಕಡೆ ಪ್ಯಾಟಿ ಕಾಜ್‌ಮೇಯರ್ ಪ್ರಶಸ್ತಿ ಇದೆ. ಶುರುವಾಗಿದ್ದು 1998ರಲ್ಲಿ. ಅಲ್ಲಿ ಆಗಲೇ ನಾಲ್ವರು ಗೋಲ್‌ಕೀಪರ್‌ಗಳು ಗೆದ್ದಾಗಿದೆ. ಕಣ್ಣಿಟ್ಟು ನೋಡುವವರು ಅಲ್ಲಿದ್ದಾರೆ ಅನಿಸುತ್ತದೆ.

ಇನ್ನೊಂದು ವಿಷಯವನ್ನು ಊಹಿಸುವವರು ಮರೆಯುತ್ತಾರೆ. ಒಂದೇ ತಂಡದಲ್ಲಿ ಇಬ್ಬರು ಮೂವರು ಮಿಂಚಿದರೆ ಓಟು ಹಂಚಿಹೋಗುತ್ತದೆ. 2024ರಲ್ಲಿ ಬಾಸ್ಟನ್ ಕಾಲೇಜಿನ ವಿಲ್ ಸ್ಮಿತ್ 71 ಪಾಯಿಂಟ್‌ನೊಂದಿಗೆ ದೇಶಕ್ಕೇ ಮೊದಲು. ಅದೇ ತಂಡದ ಕಟರ್ ಗೋಟಿಯೇ 38 ಗೋಲು ಹೊಡೆದಿದ್ದ. ಸ್ಮಿತ್ ಕೊನೆಯ ಮೂವರಲ್ಲೇ ಇರಲಿಲ್ಲ. ಗೆದ್ದಿದ್ದು ಅದೇ ಊರಿನ ಎದುರು ಪಾಳಯ, ಬಾಸ್ಟನ್ ಯೂನಿವರ್ಸಿಟಿಯ ಮ್ಯಾಕ್ಲಿನ್ ಸೆಲೆಬ್ರಿನಿ. 64 ಪಾಯಿಂಟ್, 17 ವಯಸ್ಸು. 2025ರಲ್ಲೂ ಇದೇ ಕಥೆ. ಪಾಯಿಂಟ್‌ನಲ್ಲಿ ಮುಂದಿದ್ದವನು ಡೆನ್ವರ್‌ನ ಜ್ಯಾಕ್ ಡಿವೈನ್. ಆದರೆ ಡೆನ್ವರ್‌ನಿಂದ ಕೊನೆಯ ಮೂವರಿಗೆ ಹೋದವನು ಡಿಫೆಂಡರ್ ಜೀವ್ ಬುಯಿಯಂ. ಗೆದ್ದವನು ಮಿಷಿಗನ್ ಸ್ಟೇಟ್‌ನ ಐಸಾಕ್ ಹೋವರ್ಡ್. ಅವನ ತಂಡ ರಾಷ್ಟ್ರೀಯ ಟೂರ್ನಿಯ ಮೊದಲ ಪಂದ್ಯದಲ್ಲೇ ಕಾರ್ನೆಲ್‌ಗೆ ಸೋತು ಮನೆಗೆ ಹೋಗಿತ್ತು. ಆದರೂ ಅವನದೇ. ಈ ಸೂತ್ರವೂ ಯಾವಾಗಲೂ ನಡೆಯುವುದಿಲ್ಲ ಅನ್ನಿ. 2007ರಲ್ಲಿ ನಾರ್ತ್ ಡಕೋಟಾದ ರಯಾನ್ ಡಂಕನ್ ಗೆದ್ದಾಗ ಅವನ ಪಕ್ಕದಲ್ಲೇ ಆಡುತ್ತಿದ್ದವರು ಜೋನಾಥನ್ ಟೇವ್ಸ್ ಮತ್ತು ಟಿ. ಜೆ. ಓಶಿ. ಮುಂದೆ ದೊಡ್ಡ ಹೆಸರು ಮಾಡಿದವರು ಅವರೇ.

ಮೊದಲ ವರ್ಷದ ಹುಡುಗರ ವಿಷಯಕ್ಕೆ ಬರೋಣ. 1993ರಲ್ಲಿ ಮೇನ್ ವಿಶ್ವವಿದ್ಯಾಲಯದ ಪಾಲ್ ಕರಿಯ 39 ಪಂದ್ಯಗಳಲ್ಲಿ ಸರಿಯಾಗಿ 100 ಪಾಯಿಂಟ್ ಗಳಿಸಿ ಗೆದ್ದ. ಆಮೇಲೆ 22 ವರ್ಷ ಯಾವ ಹೊಸಬನಿಗೂ ಸಿಗಲಿಲ್ಲ. 2015ರಲ್ಲಿ ಜ್ಯಾಕ್ ಐಕಲ್, 2023ರಲ್ಲಿ ಆಡಮ್ ಫಾಂಟಿಲಿ, 2024ರಲ್ಲಿ ಸೆಲೆಬ್ರಿನಿ. ಹಿರಿಯನಿಗೇ ಕೊಡಬೇಕು ಎಂಬ ಪಟ್ಟು ಈಗ ಸಡಿಲವಾಗಿದೆ. ಕಾನರ್ ಅದೇ ಆಟವನ್ನು ಈಗ ಆಡಿದ್ದರೆ ಗೆಲ್ಲುತ್ತಿದ್ದ ಅಂತ ನನಗೆ ಬಲವಾಗಿ ಅನಿಸುತ್ತದೆ.

ಮುಂದೆ ಇದು ಇನ್ನೂ ಜಾಸ್ತಿಯಾಗಲಿದೆ. ಕೆನಡಾದ ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದವರನ್ನು ಅಮೆರಿಕದ ಕಾಲೇಜುಗಳು ವೃತ್ತಿಪರರು ಅಂತ ಹೊರಗಿಟ್ಟಿದ್ದವು. 2024ರ ನವೆಂಬರ್‌ನಲ್ಲಿ ಆ ನಿಯಮ ಬದಲಾಯಿತು, 2025ರ ಆಗಸ್ಟ್‌ನಿಂದ ಬಾಗಿಲು ತೆರೆಯಿತು. ಗ್ಯಾವಿನ್ ಮೆಕೆನ್ನಾನಂಥ ಹುಡುಗ ಸೀದಾ ಪೆನ್ ಸ್ಟೇಟ್‌ಗೆ ಬಂದ. ಇನ್ನು ಪ್ರತಿ ವರ್ಷ ಪಟ್ಟಿಯಲ್ಲಿ ಇಂಥ ಹೆಸರುಗಳು ಇರುತ್ತವೆ. ಅವರ ಜೊತೆ ನಾಲ್ಕು ವರ್ಷ ಬೆವರು ಸುರಿಸಿದ ಒಬ್ಬ ಲೆಬ್ಲಾಂಕ್ ಪೈಪೋಟಿಗೆ ನಿಲ್ಲಬೇಕು. ನನ್ನ ಮನಸ್ಸು ಲೆಬ್ಲಾಂಕ್ ಕಡೆ. ಪಣ ಕಟ್ಟು ಅಂದರೆ ಮಾತ್ರ ಹೊಸ ಹುಡುಗನ ಮೇಲೆ ಕಟ್ಟುತ್ತೇನೆ: ಫಾರ್ವರ್ಡ್ ಆಗಿರಬೇಕು, ಪಾಯಿಂಟ್‌ನಲ್ಲಿ ಮೊದಲ ಮೂರು ನಾಲ್ಕು ಜನರಲ್ಲಿರಬೇಕು, ತಂಡದಲ್ಲಿ ಅವನಿಗೆ ಸಾಟಿ ಇನ್ನೊಬ್ಬ ಇರಬಾರದು.

ನೀವೂ ಮನೆಯಲ್ಲಿ ಚೀಟಿ ಬರೆದಿಡುವವರಾದರೆ ಒಂದು ಮಾತು. ಏಪ್ರಿಲ್‌ನಲ್ಲಿ ಗುರುವಾರ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್, ಶುಕ್ರವಾರ ಪ್ರಶಸ್ತಿ, ಶನಿವಾರ ಫೈನಲ್. ಮೆಕೇ ಶುಕ್ರವಾರ ಪ್ರಶಸ್ತಿ ತೆಗೆದುಕೊಂಡ, ಶನಿವಾರ ಅವನ ತಂಡ ಡೆನ್ವರ್‌ಗೆ 5–1ರಲ್ಲಿ ಸೋತಿತು. ಆ ಡೆನ್ವರ್‌ನ ಬಾಬಿ ಬ್ರಿಂಕ್ ಕೂಡ ಕೊನೆಯ ಮೂವರಲ್ಲಿದ್ದವನೇ. ಏನು ಮಾಡುವುದು, ಓಟಿನ ಕೆಲಸ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಹಾಗಾಗಿ ಗುರುವಾರ ರಾತ್ರಿ ಮೂವರಲ್ಲಿ ಒಬ್ಬ ನಾಲ್ಕು ಗೋಲು ಬಾರಿಸಿದರೂ ಚೀಟಿ ತಿದ್ದಲು ಹೋಗಬೇಡಿ.

ನಮಸ್ಕಾರ.