80 ದೊಡ್ಡದೋ, 55 ದೊಡ್ಡದೋ? ಸುಕ್ಕಿನ ಚಿಕಿತ್ಸೆ ಮತ್ತು ಅಳತೆಯ ಗೊಂದಲ

ಎಲ್ಲರಿಗೂ ನಮಸ್ಕಾರ.

ಎರಡು ಅಂಕಿಗಳಿಂದಲೇ ಶುರು ಮಾಡುತ್ತೇನೆ. ಹುಬ್ಬು ಗಂಟಿಕ್ಕಿದಾಗ ನಡುವೆ ಗೆರೆ ಬೀಳುತ್ತದಲ್ಲ, ಅದಕ್ಕೆ ಬೊಟಾಕ್ಸ್ ಚುಚ್ಚುಮದ್ದು ಕೊಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಪ್ರಯೋಗಗಳಲ್ಲಿ, 30ನೇ ದಿನ ವೈದ್ಯರು ನೋಡಿದಾಗ, ಶೇ. 80ರಷ್ಟು ಜನರಿಗೆ ಮದ್ದು ಫಲಿಸಿತ್ತು. 2009ರಲ್ಲಿ ಅದೇ ಬಗೆಯ ಇನ್ನೊಂದು ಚುಚ್ಚುಮದ್ದಾದ ಡಿಸ್‌ಪೋರ್ಟ್‌ಗೆ ಒಪ್ಪಿಗೆ ಸಿಕ್ಕಿತು. ಅದೇ ಗೆರೆ, ಅದೇ 30ನೇ ದಿನ. ಅದರ ಒಂದು ಪ್ರಯೋಗದಲ್ಲಿ ಬಂದದ್ದು ಶೇ. 55. ಹಾಗಾದರೆ ಮೊದಲನೆಯದೇ ಮೇಲು, ಅಲ್ವಾ?

ಸ್ವಲ್ಪ ತಡೆಯಿರಿ. ಎರಡೂ ಕಡೆ ಗೆರೆಗೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಗೆರೆ ಇಲ್ಲದಿದ್ದರೆ 0, ತುಂಬಾ ಆಳವಾಗಿದ್ದರೆ 3. ಬೊಟಾಕ್ಸ್ ಲೆಕ್ಕದಲ್ಲಿ ಗೆರೆ 0 ಅಥವಾ 1ಕ್ಕೆ ಇಳಿದರೆ ಪಾಸ್. ಡಿಸ್‌ಪೋರ್ಟ್ ಲೆಕ್ಕದಲ್ಲಿ ಕನಿಷ್ಠ ಎರಡು ಅಂಕ ಇಳಿಯಬೇಕು. ಅದನ್ನು ವೈದ್ಯರೂ ಹೇಳಬೇಕು, ಮದ್ದು ತೆಗೆದುಕೊಂಡವರೂ ಹೇಳಬೇಕು. ಒಬ್ಬರು ಹೇಳಿ ಇನ್ನೊಬ್ಬರು ಹೇಳದಿದ್ದರೆ ಫೇಲ್. ಈಗ ಒಬ್ಬ ಹೆಂಗಸಿನ ಗೆರೆ 2ರಲ್ಲಿತ್ತು, 1ಕ್ಕೆ ಬಂತು ಎಂದುಕೊಳ್ಳಿ. ಮೊದಲ ಲೆಕ್ಕದಲ್ಲಿ ಆಕೆಗೆ ಚಿಕಿತ್ಸೆ ಫಲಿಸಿದೆ. ಎರಡನೆಯದರಲ್ಲಿ ಫಲಿಸಿಲ್ಲ. ಮುಖ ಅದೇ, ಗೆರೆ ಅದೇ. ಯಾವ ಮದ್ದು ಮೇಲು ಎಂದು ಈ ಎರಡು ಅಂಕಿಗಳಿಂದ ಹೇಳಲು ಬರುವುದಿಲ್ಲ. ಆದರೂ ಜಾಹೀರಾತಿನಲ್ಲಿ ಇಂಥ ಶೇಕಡಾವಾರು ಸುಮ್ನೆ ಬಂದು ಕೂರುತ್ತದೆ. ಪಾಸ್ ಮಾರ್ಕು ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ.

ಇದು ಒಂದು ಗೆರೆಯ ಕಥೆ. ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಮಡಿಕೆಗೆ 1ರಿಂದ 5ರ ಇನ್ನೊಂದು ಮಾಪಕ ಇದೆ. ಬಿಸಿಲಿಗೆ ಹಾಳಾದ ಚರ್ಮಕ್ಕೆ ಮತ್ತೊಂದು. 'ಒಟ್ಟಾರೆ ಎಷ್ಟು ಸುಧಾರಿಸಿದೆ' ಎಂದು ಕೇಳುವುದು ಮಗದೊಂದು. ಇವುಗಳಲ್ಲಿ ಹಲವು, ಮದ್ದು ಮಾರುವ ಕಂಪನಿಗಳ ದುಡ್ಡಿನಲ್ಲೇ ತಯಾರಾದವು. ಅಷ್ಟಕ್ಕೇ ಅವು ಕೆಟ್ಟವು ಎನ್ನಲಾರೆ, ಎಷ್ಟೋ ಚೆನ್ನಾಗಿಯೇ ಇವೆ. ಆದರೆ ತನ್ನ ಸರಕಿಗೆ ತಾನೇ ತಕ್ಕಡಿ ಆರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಫೋಟೋ ವಿಷಯವನ್ನೂ ಹೇಳಬೇಕು. ಬೆಳಕು ಪಕ್ಕದಿಂದ ಬಿದ್ದರೆ ಸುಕ್ಕು ಆಳವಾಗಿ ಕಾಣುತ್ತದೆ, ಎದುರಿನಿಂದ ಬಿದ್ದರೆ ಮಾಯ. ಗಲ್ಲ ತುಸು ಎತ್ತಿದರೆ ಕತ್ತಿನ ಚರ್ಮ ಬಿಗಿಯುತ್ತದೆ. 'ಮೊದಲು' ಮತ್ತು 'ನಂತರ' ಒಂದೇ ಬೆಳಕು, ಒಂದೇ ಕೋನ, ಒಂದೇ ಮುಖಭಾವ ಇಲ್ಲದಿದ್ದರೆ ಆ ಜೋಡಿ ಫೋಟೋ ಏನನ್ನೂ ಸಾಬೀತು ಮಾಡುವುದಿಲ್ಲ.

ಇಂಥ ಗೊಂದಲ ಬೇರೆ ಕಾಯಿಲೆಗಳಲ್ಲೂ ಇತ್ತು. ಸಂಧಿವಾತದ ವೈದ್ಯರು 1992ರಲ್ಲಿ ಒಮೆರಾಕ್ಟ್ ಎಂಬ ಗುಂಪು ಕಟ್ಟಿಕೊಂಡು, ಪ್ರತಿ ಪ್ರಯೋಗವೂ ಅಳೆಯಲೇಬೇಕಾದ ಚಿಕ್ಕ ಪಟ್ಟಿಯೊಂದನ್ನು ಒಪ್ಪಿಕೊಂಡರು. 2002ರಿಂದ ರೋಗಿಗಳೂ ಅವರ ಸಭೆಗಳಲ್ಲಿ ಕೂರತೊಡಗಿದರು. ಅವರು ಎತ್ತಿದ ಮಾತು ಏನು ಗೊತ್ತೇ? ಸುಸ್ತು. ಕೀಲಿನ ಊತವನ್ನು ಜೋಪಾನವಾಗಿ ಎಣಿಸುತ್ತಿದ್ದ ವೈದ್ಯರ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಮುಖದ ಚಿಕಿತ್ಸೆಗೂ ಇಂಥ ಪಟ್ಟಿ ಬೇಕು. ಚಿಕಿತ್ಸೆ ಪಡೆದವರ ಮಾತು ಇಲ್ಲಿ ಇನ್ನೂ ಮುಖ್ಯ. ಸುಕ್ಕು ಕಾಯಿಲೆಯಲ್ಲ. ಜನ ಬರುವುದು ಚೆನ್ನಾಗಿ ಕಾಣಲು, ದಣಿದ ಹಾಗೆ, ಸಿಟ್ಟಾದ ಹಾಗೆ ಕಾಣದಿರಲು. ವೈದ್ಯರು ಮಾಪಕ ಹಿಡಿದು 'ಒಂದು ಅಂಕ ಇಳಿದಿದೆ' ಎಂದರೂ ಕನ್ನಡಿ ನೋಡಿದವರಿಗೆ ಏನೂ ಅನಿಸದಿದ್ದರೆ ಆ ಒಂದು ಅಂಕಕ್ಕೆ ಬೆಲೆ ಏನು? ಇದನ್ನು ಕೇಳಿ ತಿಳಿಯಲು ಫೇಸ್-ಕ್ಯೂ ಎಂಬ ಪ್ರಶ್ನಾವಳಿ ಇದೆ. ಚಿಕಿತ್ಸೆ ಪಡೆದವರ ಮಾತುಗಳಿಂದಲೇ ಅದರ ಪ್ರಶ್ನೆಗಳನ್ನು ಕಟ್ಟಿದ್ದಾರೆ. ಇಂಥದ್ದು ಪಟ್ಟಿಯಲ್ಲಿ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಪಟ್ಟಿ ಮಾಡುವ ವಿಧಾನಕ್ಕೆ ಡೆಲ್ಫಿ ಎನ್ನುತ್ತಾರೆ. ವೈದ್ಯರು, ಸಂಶೋಧಕರು, ಚಿಕಿತ್ಸೆ ಪಡೆದವರು ಪ್ರತಿ ಅಂಶಕ್ಕೂ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ಉಳಿದವರು ಏನೆಂದರು ಎಂದು ನೋಡಿ, ಮತ್ತೆ ಕೊಡುತ್ತಾರೆ. ಸಾಮಾನ್ಯವಾಗಿ ಕನಿಷ್ಠ ಶೇ. 70ರಷ್ಟು ಜನ 7 ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ, ತೀರಾ ಕಡಿಮೆ ಕೊಟ್ಟವರೂ ಜಾಸ್ತಿ ಇಲ್ಲದಿದ್ದರೆ, ಆ ಅಂಶ ಉಳಿಯುತ್ತದೆ. ಏನನ್ನು ಅಳೆಯಬೇಕು ಎಂಬುದು ಇಲ್ಲಿಗೆ ತೀರ್ಮಾನ. ಯಾವುದರಿಂದ ಅಳೆಯಬೇಕು ಎಂಬ ಜಗಳ ಆಮೇಲೆ ಶುರು.

ತೊಂದರೆಗಳ ಲೆಕ್ಕವನ್ನು ಮರೆಯುವಂತಿಲ್ಲ. ಮಡಿಕೆ ತುಂಬಲು ಚರ್ಮದಡಿ ಚುಚ್ಚುವ ಫಿಲ್ಲರ್ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೂ ಹೋಗಬಹುದು. ಗಂಟುಗಳು ಎಷ್ಟೋ ತಿಂಗಳ ನಂತರ ಏಳುತ್ತವೆ. ಅಷ್ಟರಲ್ಲಿ ಪ್ರಯೋಗ ಮುಗಿದಿದ್ದರೆ ಅವು ಯಾವ ಕೋಷ್ಟಕಕ್ಕೂ ಸೇರುವುದಿಲ್ಲ. ಎಷ್ಟು ದಿನ ಕಾಯಬೇಕು ಎಂಬುದನ್ನೂ ಪಟ್ಟಿಯೇ ಹೇಳಬೇಕು.

ಕೊನೆಯದಾಗಿ ಒಂದು ತಕರಾರು. ಕಪ್ಪು, ಕಂದು ಚರ್ಮದಲ್ಲಿ ವಯಸ್ಸು ಮೊದಲು ತೋರುವುದು ಸಣ್ಣ ಸುಕ್ಕಿನಲ್ಲಲ್ಲ. ಅಲ್ಲಲ್ಲಿ ಬಣ್ಣ ಗಾಢವಾಗುತ್ತದೆ, ಕಲೆ ಬೀಳುತ್ತದೆ, ಕೆನ್ನೆ ಇಳಿಯುತ್ತದೆ. ಬಿಳಿ ಮುಖಗಳ ಫೋಟೋ ಇಟ್ಟುಕೊಂಡು ಮಾಡಿದ ಸುಕ್ಕಿನ ಮಾಪಕ ಇಂಥ ಮುಖವನ್ನು ನೋಡಿ 'ವಯಸ್ಸೇ ಆಗಿಲ್ಲ' ಎನ್ನಬಹುದು. ಅಂಕ ಕೊಡಲು ಕರೆಯುವಾಗಲೇ ಎಲ್ಲ ಬಣ್ಣದ ಚರ್ಮದವರನ್ನೂ ಕರೆಯಬೇಕು. ಪಟ್ಟಿ ಮುಗಿದ ಮೇಲೆ ಕರೆದರೆ ಅವರು ಸೇರಿಸಲು ಏನೂ ಉಳಿದಿರುವುದಿಲ್ಲ.