ಜೋಯಿಡಾದ ಕಪ್ಪು ಗುಂಡಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಟಾರ್ಚಿನ ಹಳೆ ಸೆಲ್ಲನ್ನು ಕಲ್ಲಿನಿಂದ ಜಜ್ಜಿ ನೋಡದ ಹುಡುಗರು ನಮ್ಮ ಕಾಲದಲ್ಲಿ ಕಮ್ಮಿ. ಒಳಗೊಂದು ಕರಿ ಕಡ್ಡಿ, ಸುತ್ತ ಕರಿ ಪುಡಿ. ಅಂಗಿಗೆ ಹತ್ತಿದರಂತೂ ಮನೆಯಲ್ಲಿ ಬೈಗುಳ ಗ್ಯಾರಂಟಿ. ಆ ಪುಡಿಯಲ್ಲಿ ಜಾಸ್ತಿ ಇದ್ದದ್ದು ಮ್ಯಾಂಗನೀಸ್ ಡೈಆಕ್ಸೈಡ್. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ಕಡೆ, ಅಂದರೆ ಹಳೆಯ ಸೂಪಾ ತಾಲೂಕಿನಲ್ಲಿ, ಇದೇ ಮ್ಯಾಂಗನೀಸಿಗಾಗಿ ಗುಡ್ಡ ಅಗೆದರು. ಅಗೆದವರು ಹೋದರು, ಗುಂಡಿಗಳು ಕಾಡಿನೊಳಗೆ ಹಾಗೇ ಉಳಿದವು.

ಕಾರವಾರದಲ್ಲಿ ಕೂತು ಜೋಯಿಡಾದ ಗುಂಡಿಗಳ ಮಾತು ಯಾಕೆ ಅಂತ ಕೇಳಬಹುದು. ಆ ಗುಡ್ಡಗಳ ಮೇಲೆ ಬಿದ್ದ ಮಳೆ ಕಾಳಿ ನದಿಯಾಗಿ ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತದೆ. ನೀರು ಇಲ್ಲಿಗೆ ಬರುತ್ತದೆ, ಆದರೆ ಅದಿರಿನ ದಾರಿ ಇತ್ತ ತಿರುಗಲಿಲ್ಲ. ಅದಕ್ಕೊಂದು ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಮೊದಲು ಕಲ್ಲಿನ ವಿಚಾರ. ಈ ಭಾಗದ ಬಂಡೆಗಳನ್ನು ಭೂವಿಜ್ಞಾನಿಗಳು ಧಾರವಾಡ ಶಿಲೆಗಳು ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಸೀಮೆಯನ್ನೆಲ್ಲ ತಿರುಗಿ ನೋಡಿದ ರಾಬರ್ಟ್ ಬ್ರೂಸ್ ಫೂಟ್ ಕೊಟ್ಟ ಹೆಸರು ಅದು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆಗಿನ ಸಮುದ್ರದ ತಳದಲ್ಲಿ ಕೂತ ಕೆಸರು ಒತ್ತಡಕ್ಕೆ, ಶಾಖಕ್ಕೆ ಸಿಕ್ಕಿ ಗಟ್ಟಿಯಾಯಿತು. ಹಾಳೆ ಹಾಳೆಯಾಗಿ ಏಳುವ ಫಿಲೈಟ್ ಎಂಬ ಕಲ್ಲಾಯಿತು. ಅದರಲ್ಲಿ ಮ್ಯಾಂಗನೀಸ್ ಇತ್ತು, ಆದರೆ ಸ್ವಲ್ಪವೇ. ಅಷ್ಟಕ್ಕೆ ಯಾರೂ ಗುದ್ದಲಿ ಎತ್ತುವುದಿಲ್ಲ.

ಅದನ್ನು ಅದಿರು ಮಾಡಿದ್ದು ನಮ್ಮ ಮಳೆ. ಘಟ್ಟದ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಕೊಳೆತ ಎಲೆಗಳ ನಡುವೆ ಇಳಿಯುವ ನೀರಿಗೆ ಸ್ವಲ್ಪ ಹುಳಿ ಗುಣ ಬರುತ್ತದೆ. ಅನ್ನ ಬಸಿದ ಹಾಗೆ, ಆ ನೀರು ಲಕ್ಷಾಂತರ ವರ್ಷ ಕಲ್ಲಿನೊಳಗಿನ ಸಿಲಿಕಾ, ಸುಣ್ಣ, ಸೋಡಿಯಂ ಎಲ್ಲವನ್ನೂ ಬಸಿದು ಒಯ್ದಿತು. ಕಬ್ಬಿಣ, ಅಲ್ಯೂಮಿನಿಯಂ ಹಿಂದೆ ಉಳಿದವು. ನಾವು ಮನೆ ಕಟ್ಟುವ ಚಿರೆಕಲ್ಲು ಹುಟ್ಟಿದ್ದೂ ಹೀಗೇ. ಮ್ಯಾಂಗನೀಸ್ ಮಾತ್ರ ಸ್ವಲ್ಪ ಚಂಚಲ. ಗಾಳಿ ಸಿಗದ ಹುಳಿ ನೀರಿನಲ್ಲಿ ಕರಗಿ ಹೊರಡುತ್ತದೆ. ಎಲ್ಲಿ ಗಾಳಿ ಸಿಕ್ಕಿತೋ ಅಲ್ಲಿ ಕಪ್ಪಗೆ ಕೂತುಬಿಡುತ್ತದೆ. ಬಿರುಕಿನಲ್ಲಿ, ಜೇಡಿಯ ನಡುವೆ, ಗಡ್ಡೆ ಗಡ್ಡೆಯಾಗಿ.

ಈ ಗಣಿಗಳು ಸಣ್ಣದಾಗಿಯೇ ಉಳಿಯಲು ಕಾರಣವೂ ಇಲ್ಲೇ ಇದೆ. ಗಾಳಿ ಇಳಿಯುವುದು ಸುಮಾರಾಗಿ ಬೇಸಿಗೆಯ ಅಂತರ್ಜಲದ ಮಟ್ಟದವರೆಗೆ ಮಾತ್ರ. ಅದರ ಕೆಳಗೆ ಅಗೆದರೆ ಮತ್ತೆ ಅದೇ ಬಡ ಫಿಲೈಟ್. ಮೇಲೆ ಗಡ್ಡೆ ಚೆನ್ನಾಗಿ ಸಿಕ್ಕಿತು ಅಂತ ಆಸೆಯಿಂದ ಆಳಕ್ಕೆ ಹೋದವರಿಗೆ ಸಿಗುತ್ತಿದ್ದದ್ದು ನೀರು. ಆಮೇಲೆ ಪಕ್ಕದ ಗುಡ್ಡಕ್ಕೆ ಹೋಗಿ ಇನ್ನೊಂದು ಗುಂಡಿ.

ಮ್ಯಾಂಗನೀಸ್ ಗುರುತು ಹಿಡಿಯುವುದು ಕಷ್ಟವೇನಲ್ಲ. ಒಂದು ಟೈಲ್ಸ್ ತಗೊಳ್ಳಿ, ಹೊಳಪಿಲ್ಲದ ಹಿಂಬದಿಗೆ ಕಲ್ಲನ್ನು ಉಜ್ಜಿ. ಕೆಂಪು ಅಥವಾ ಹಳದಿ ಮಿಶ್ರಿತ ಕಂದು ಗೆರೆ ಬಂದರೆ ಕಬ್ಬಿಣದ ಅದಿರು. ಕಾಡಿಗೆಯಂಥ ಕಪ್ಪು ಗೆರೆ ಬಂದರೆ ಮ್ಯಾಂಗನೀಸ್ ಇರಬಹುದು. ಖಾತ್ರಿಯಾಗಬೇಕಾ? ಮೆಡಿಕಲ್ ಶಾಪಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಎರಡು ಹನಿ ಬಿಡಿ, ಬುಸ್ಸನೆ ನೊರೆ ಏಳುತ್ತದೆ. ಕೈಯಲ್ಲಿ ಹಿಡಿದಾಗ ಭಾರವೂ ಗೊತ್ತಾಗುತ್ತದೆ. ಪೈರೋಲುಸೈಟ್ ಎಂಬ ಒಳ್ಳೆ ಅದಿರು ಅದೇ ಗಾತ್ರದ ಸಾಮಾನ್ಯ ಕಲ್ಲಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ತೂಗುತ್ತದೆ. ಬೆರಳಂತೂ ಕಪ್ಪಾಗುವುದೇ.

ಆದರೆ ಸೆಲ್ಲಿಗೆ ಹೋಗುವುದು ಸ್ವಲ್ಪ ಪಾಲು. ಬಹುಪಾಲು ಮ್ಯಾಂಗನೀಸ್ ಬೇಕಾಗುವುದು ಉಕ್ಕಿಗೆ. ಒಂದು ಟನ್ ಉಕ್ಕಿಗೆ ಸುಮಾರು 6ರಿಂದ 9 ಕಿಲೋ. ಇಲ್ಲದಿದ್ದರೆ ಗಂಧಕದ ದೆಸೆಯಿಂದ ಉಕ್ಕು ಬಿಸಿಯಲ್ಲಿ ಬಡಿಯುವಾಗ ಬಿರಿಯುತ್ತದೆ. ಬೇರೆ ಯಾವುದೂ ಇದರ ಜಾಗ ತುಂಬುವುದಿಲ್ಲ. ಹಾಗಾಗಿ ಎಲ್ಲೋ ಯುದ್ಧ ಶುರುವಾದರೆ ಇಲ್ಲಿ ಗುದ್ದಲಿ ಏಳುತ್ತಿತ್ತು. ಭಾರತದಲ್ಲಿ ಮ್ಯಾಂಗನೀಸ್ ಗಣಿಗಾರಿಕೆ ಶುರುವಾದದ್ದು 1890ರ ದಶಕದ ಆರಂಭದಲ್ಲಿ, ಆಂಧ್ರದ ವಿಜಯನಗರಂ ಕಡೆ. 1949ರ ಹೊತ್ತಿಗೆ ಸೋವಿಯತ್ ರಷ್ಯಾ ಅಮೆರಿಕಕ್ಕೆ ಕೊಡುವುದನ್ನು ಕಡಿಮೆ ಮಾಡಿದಾಗ ಭಾರತದ ಅದಿರಿಗೆ ಒಮ್ಮೆಲೇ ಬೆಲೆ ಬಂತು.

ಈಗ ಬಂದರಿನ ಮಾತು. 1862ರಲ್ಲಿ ನಮ್ಮ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತು. ಕಾರವಾರ ದೊಡ್ಡ ಬಂದರಾಗುತ್ತದೆ ಅಂತ ಆಗ ಎಲ್ಲರ ಲೆಕ್ಕ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಚಿನ್ನದ ಬೆಲೆ, ಧಾರವಾಡದ ಹತ್ತಿ ಇಲ್ಲಿಂದಲೇ ಹಡಗು ಹತ್ತಬೇಕಿತ್ತು. 1864ರಲ್ಲಿ ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ ದೀಪಸ್ತಂಭವೂ ಎದ್ದಿತು. ರೈಲು ಮಾತ್ರ ಬರಲಿಲ್ಲ. ಬಂದದ್ದು ಗೋವಾದ ಮುರಗಾಂವ್ ಬಂದರಿಗೆ. 1888ರ ಹೊತ್ತಿಗೆ ಆ ಹಳಿ ಘಟ್ಟ ಹತ್ತಿ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷ್ ಹಳಿಗೆ ಕೂಡಿತು. ಕ್ಯಾಸಲ್‌ರಾಕ್ ಇರುವುದು ಜೋಯಿಡಾ ತಾಲೂಕಿನಲ್ಲೇ. ಗುಡ್ಡದ ಅದಿರಿಗೆ ಕಾಲ್ಬುಡದಲ್ಲೇ ರೈಲು ಸಿಕ್ಕ ಮೇಲೆ, ಘಟ್ಟ ಇಳಿಸಿ ಕಾರವಾರಕ್ಕೆ ಯಾರು ತರುತ್ತಾರೆ? ನಮ್ಮೂರಿಗೆ ರೈಲು ಬರುವ ಹೊತ್ತಿಗೆ 1990ರ ದಶಕ. ವರ್ಷಗಟ್ಟಲೆ ನನೆಗುದಿಗೆ ಬಿದ್ದ ಹುಬ್ಬಳ್ಳಿ–ಅಂಕೋಲಾ ಹಳಿಯ ಮಾತು ಎತ್ತುವುದಿಲ್ಲ, ಎತ್ತಿದರೆ ಇವತ್ತಿನ ಭಾಷಣ ಮುಗಿಯುವುದಿಲ್ಲ.

ಆ ದಾರಿಯೂ ಶಾಶ್ವತವಾಗಿರಲಿಲ್ಲ. ಪೋರ್ಚುಗೀಸರ ಜೊತೆಗಿನ ಜಗಳದಲ್ಲಿ 1955ರಲ್ಲಿ ಗಡಿ ದಾಟುವ ರೈಲು ನಿಂತಿತು. 1961ರಲ್ಲಿ ಗೋವಾ ವಿಮೋಚನೆಯಾಗುವವರೆಗೆ ಅತ್ತ ಬಾಗಿಲು ಬಂದ್. ಇತ್ತ ದಾಂಡೇಲಿಯಲ್ಲಿ ಫೆರೋ ಮ್ಯಾಂಗನೀಸ್, ಅಂದರೆ ಉಕ್ಕಿಗೆ ಬೆರೆಸುವ ಕಬ್ಬಿಣ-ಮ್ಯಾಂಗನೀಸ್ ಮಿಶ್ರಲೋಹದ ಕಾರ್ಖಾನೆ ಬಂತು.

ಕೊನೆಗೆ ಗಣಿ ನಿಲ್ಲಿಸಿದ್ದು ಅದಿರೂ ಹೌದು, ಕಾಡೂ ಹೌದು. ಗುಂಡಿಯ ಪಕ್ಕ ಸುರಿದ ಮಣ್ಣು ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯುತ್ತದೆ, ಗದ್ದೆಗೆ ಇಳಿಯುತ್ತದೆ. ಗಣಿ ಕೆಲವೇ ವರ್ಷ ನಡೆದು ನಿಂತರೂ ಆ ಮಣ್ಣು ಇಳಿಯುತ್ತಲೇ ಇರುತ್ತದೆ. ದಾಂಡೇಲಿ ಅಭಯಾರಣ್ಯ ಘೋಷಣೆಯಾದದ್ದು 1956ರಲ್ಲಿ. ಅಭಯಾರಣ್ಯ ಅಂತ ಒಂದು ಕೈಯಲ್ಲಿ ಬರೆದು, ಇನ್ನೊಂದು ಕೈಯಲ್ಲಿ ಗಣಿಗೆ ಸಹಿ ಹಾಕುವ ಕಾಲ ತುಂಬ ವರ್ಷ ನಡೆಯಿತು. ಕಾಡಿನ ಕಾನೂನು, ಕೋರ್ಟಿನ ಆದೇಶ ಬಿಗಿಯಾದ ಮೇಲೆ ನಿಂತಿತು. ಈಗ ಆ ಸೀಮೆಯ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹೊಸದಾಗಿ ಅಗೆಯುವುದಕ್ಕಿಂತ, ಹಳೆ ಮಣ್ಣಿನ ರಾಶಿಗಳ ಬುಡಕ್ಕೆ ಕಲ್ಲಿನ ತಡೆ ಕಟ್ಟಿ ಸ್ಥಳೀಯ ಗಿಡ ಹಚ್ಚುವುದೇ ಮೇಲು ಅಂತ ನನಗನ್ನಿಸುತ್ತದೆ. ಸುಮ್ನೆ ಅಕೇಶಿಯಾ ನೆಟ್ಟು ಹಸಿರಾಯಿತು ಅನ್ನುವುದಲ್ಲ.

ಒಂದು ಕಿವಿಮಾತು. ಎಲ್ಲೇ ಆಗಲಿ, ನೀರು ತುಂಬಿದ ಹಳೆ ಗಣಿ ಗುಂಡಿ ಕಂಡರೆ ಈಜಲು ಇಳಿಯಬೇಡಿ. ದಂಡೆ ಗೋಡೆಯ ಹಾಗೆ ನೇರ ಇರುತ್ತದೆ, ಒದ್ದೆಯಾದ ಜೇಡಿ ಮೇಲೆ ಕಾಲು ನಿಲ್ಲುವುದಿಲ್ಲ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಮಕ್ಕಳಿಗೂ ಹೇಳಿ. ನಮಸ್ಕಾರ.