ಘಾಟಿ ಇಳಿಯುವ ಮೊದಲು: ಹೆವಿ ಡ್ರೈವರ್‌ಗೆ ಮಾನ್ಯತೆ ಪಡೆದ ತರಬೇತಿ ಯಾಕೆ ಬೇಕು?

[ದೃಶ್ಯ: ಹುಲಿಕಲ್ ಘಾಟಿಯ ತಲೆ. ಮಳೆ, ಮಂಜು. ಲೋಡ್ ಲಾರಿಯೊಂದು ತಿರುವಿನತ್ತ ನಿಧಾನವಾಗಿ ಬರುತ್ತಿದೆ.]

ನಮಸ್ಕಾರ. ಶಿವಮೊಗ್ಗ ಜಿಲ್ಲೆಯಿಂದ ಕರಾವಳಿಗೆ ಹೋಗಬೇಕು ಅಂದ್ರೆ ಯಾವ ಕಡೆಯಿಂದ ಹೋದರೂ ಘಾಟಿ ಇಳಿಯಲೇಬೇಕು. ತೀರ್ಥಹಳ್ಳಿ ಕಡೆಯವರಿಗೆ ಆಗುಂಬೆ, ಹೊಸನಗರದವರಿಗೆ ಹುಲಿಕಲ್, ಕೊಲ್ಲೂರಿಗೆ ಹೋಗುವವರಿಗೆ ನಾಗೋಡಿ, ಸಾಗರದಿಂದ ಹೊನ್ನಾವರಕ್ಕೆ ಗೇರುಸೊಪ್ಪೆ. ಮಳೆಗಾಲದಲ್ಲಿ ಆಗುಂಬೆಯಲ್ಲಿ ಭಾರಿ ವಾಹನ ನಿಲ್ಲಿಸಿದರೆ ಆ ಲಾರಿಗಳೆಲ್ಲ ಹುಲಿಕಲ್ ಕಡೆ ತಿರುಗುತ್ತವೆ. ಅಡಿಕೆ, ಶುಂಠಿ, ಅನಾನಸ್, ಜಲ್ಲಿ, ನಾಟಾ, ಮದುವೆ ದಿಬ್ಬಣ, ಶಾಲಾ ಪ್ರವಾಸ ಎಲ್ಲವೂ ಇವೇ ರಸ್ತೆಗಳಲ್ಲಿ ಓಡಾಡುತ್ತವೆ. ಆ ಸ್ಟೇರಿಂಗ್ ಹಿಡಿದವರಿಗೆ ಕೆಲಸ ಕಲಿಸಿದವರು ಯಾರು? ಇವತ್ತು ಇದರ ಬಗ್ಗೆ ಮಾತಾಡೋಣ.

ನಮ್ಮ ಕಡೆಯ ಹೆಚ್ಚಿನ ಡ್ರೈವರ್‌ಗಳು ಕ್ಲೀನರ್ ಆಗಿ ಶುರು ಮಾಡಿದವರು. ಬೆಳಿಗ್ಗೆ ಗಾಜು ಒರೆಸುವುದು, ಟೈರ್ ತಟ್ಟಿ ನೋಡುವುದು, ರಿವರ್ಸ್ ಬರುವಾಗ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಅನ್ನುವುದು. ಸ್ವಲ್ಪ ದಿನ ಕಳೆದ ಮೇಲೆ ಡ್ರೈವರ್ ಅಣ್ಣ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಕೊಡುತ್ತಾರೆ. ಹಾಗೆ ಕಲಿತು ಮೂವತ್ತು ವರ್ಷ ಒಂದು ಗೀರೂ ಆಗದಂತೆ ಓಡಿಸಿದವರು ಮಲೆನಾಡಿನಲ್ಲಿ ಎಷ್ಟೋ ಜನ ಇದ್ದಾರೆ. ಕೊಪ್ಪದ ಸಹಕಾರ ಸಾರಿಗೆ ನೆನಪಿದೆ ಅಲ್ವಾ? 1991ರಲ್ಲಿ, ಮುಚ್ಚಿದ ಬಸ್ ಕಂಪನಿಯೊಂದರ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ. 2020ರಲ್ಲಿ ನಿಲ್ಲುವವರೆಗೆ ಬೇರೆ ಬಸ್ಸೇ ಇಲ್ಲದ ಊರುಗಳಿಗೂ ಹೋಗುತ್ತಿತ್ತು. ಆ ಚಾಲಕರ ಕೈ ಎಂಥದ್ದು ಅಂತ ಮಲೆನಾಡಿಗೆ ಗೊತ್ತು. ಆ ಕಲಿಕೆಗೆ ನನಗೆ ದೊಡ್ಡ ಗೌರವ ಇದೆ.

ಆದರೆ ಗಾಡಿ ಬದಲಾಗಿಬಿಟ್ಟಿದೆ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಬ್ರೇಕ್ ಬಂತು, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬಂತು, ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಬಂತು. 2020ರ ಏಪ್ರಿಲ್‌ನಿಂದ ಹೊಗೆ ಮಾಲಿನ್ಯ ಕಡಿಮೆ ಇರುವ ಬಿಎಸ್-6 ಎಂಜಿನ್ ಬಂತು. ಡೀಸೆಲ್ ಜೊತೆ, ಹೊಗೆ ಶುದ್ಧ ಮಾಡುವ ಡೆಫ್ ದ್ರಾವಣವನ್ನೂ ತುಂಬಬೇಕು. ಅದು ಖಾಲಿಯಾದರೆ ಎಂಜಿನ್ ತಾನಾಗಿಯೇ ಶಕ್ತಿ ಕಡಿಮೆ ಮಾಡುತ್ತದೆ. ಘಾಟಿ ಹತ್ತುವಾಗ ಹೀಗಾದರೆ ಹಿಂದೆ ಎಷ್ಟು ಗಾಡಿ ಸಾಲು ನಿಲ್ಲುತ್ತೆ ಅಂತ ಯೋಚಿಸಿ. ಇದನ್ನೆಲ್ಲ ಅಣ್ಣನ ಪಕ್ಕ ಕೂತು ಕಲಿಯೋಕೆ ಆಗಲ್ಲ. ಯಾಕಂದ್ರೆ ಅಣ್ಣನಿಗೂ ಯಾರೂ ಹೇಳಿಕೊಟ್ಟಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

[ದೃಶ್ಯ: ಬಸ್ಸಿನ ಡ್ಯಾಶ್‌ಬೋರ್ಡ್. ಏರ್ ಪ್ರೆಷರ್ ಮುಳ್ಳು ಹತ್ತಿರದಿಂದ.]

‘ಹತ್ತಿದ ಗೇರಲ್ಲೇ ಇಳೀಬೇಕು.’ ಹಳೇ ಡ್ರೈವರ್‌ಗಳು ಎಲ್ಲರೂ ಹೇಳುವ ಮಾತು ಇದು. ಹಳೇ ಗಾಡಿಗಳಿಗೆ ನೂರಕ್ಕೆ ನೂರು ಸರಿ. ಆಗ ಎಂಜಿನ್ ಶಕ್ತಿ ಕಡಿಮೆ. ಏರು ಹತ್ತಲು ಸೆಕೆಂಡ್ ಗೇರ್ ಬೇಕಾಗುತ್ತಿತ್ತು, ಇಳಿಯಲೂ ಅದೇ ಸಾಕಾಗುತ್ತಿತ್ತು. ಈಗಿನ ಎಂಜಿನ್ ಅದೇ ಏರನ್ನು ಮೂರು, ನಾಲ್ಕನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತದೆ. ಹತ್ತಿದೆ ಅಂತ ಅದೇ ಗೇರಿನಲ್ಲಿ ಇಳಿದರೆ ಎಂಜಿನ್ನಿನ ಹಿಡಿತ ಸಾಲುವುದಿಲ್ಲ. ಉಳಿದ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಅದಕ್ಕೇ ಈಗಿನ ತರಬೇತಿಯಲ್ಲಿ ಹತ್ತಿದ್ದಕ್ಕಿಂತ ಕೆಳಗಿನ ಗೇರ್ ಹಾಕಿ, ಅದನ್ನೂ ಇಳಿಜಾರು ಶುರುವಾಗುವ ಮೊದಲೇ ಹಾಕಿ ಅಂತ ಹೇಳಿಕೊಡುತ್ತಾರೆ. ಅರ್ಧ ಇಳಿದ ಮೇಲೆ, ವೇಗ ಏರಿದ ಮೇಲೆ ಕೆಳಗಿನ ಗೇರಿಗೆ ಹಾಕಲು ಹೋದರೆ ಗೇರ್ ಕೂರದೆ ಹೋಗಬಹುದು. ಆಗ ಗಾಡಿ ನ್ಯೂಟ್ರಲ್‌ನಲ್ಲಿ ಓಡುತ್ತಿರುತ್ತದೆ.

ಬ್ರೇಕಿಗೆ ಏನಾಗುತ್ತದೆ ನೋಡಿ. ಜನ ತುಂಬಿದ ಬಸ್ಸಿನ ತೂಕ 16 ಟನ್ ಅಂತ ಇಟ್ಟುಕೊಳ್ಳಿ. ಅದು 300 ಮೀಟರ್ ಎತ್ತರದಿಂದ ಕೆಳಗಿಳಿದರೆ ಹುಟ್ಟುವ ಶಾಖದಲ್ಲಿ ನಮ್ಮ ಬಚ್ಚಲಿನ ಹಂಡೆಯ ತಣ್ಣೀರು ನೂರು ಲೀಟರಿಗಿಂತ ಜಾಸ್ತಿ ಕೊತಕೊತ ಕುದಿಯುತ್ತದೆ. ಎಂಜಿನ್ ಹಿಡಿದುಕೊಳ್ಳದಿದ್ದರೆ ಇಷ್ಟೂ ಶಾಖ ಬ್ರೇಕ್ ಡ್ರಮ್ಮಿಗೇ ಹೋಗಬೇಕು. ಡ್ರಮ್ ಕಾದು ಹಿಗ್ಗುತ್ತದೆ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಅದನ್ನು ಮುಟ್ಟಲು ಇನ್ನಷ್ಟು ದೂರ ಹೋಗಬೇಕಾಗುತ್ತದೆ. ಶೂ ಮೇಲಿನ ಲೈನಿಂಗ್ ಸುಟ್ಟ ವಾಸನೆ ಬರುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲಲ್ಲ. ಇಂಥ ಅಪಘಾತ ಆದಾಗ ಸುಮ್ನೆ ‘ಬ್ರೇಕ್ ಫೇಲ್’ ಅಂತ ಸುದ್ದಿ ಆಗುತ್ತದೆ. ಬ್ರೇಕಿನ ಯಾವ ಭಾಗವೂ ಮುರಿದಿರುವುದಿಲ್ಲ. ಮೇಲಿಂದ ಕೆಳಗಿನವರೆಗೆ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಸಿದ್ದು ಕಾರಣ ಆಗಿರುತ್ತದೆ.

ಹಾಗಾದರೆ ಬ್ರೇಕ್ ಒತ್ತುವುದು ಹೇಗೆ? ಆ ಇಳಿಜಾರಿಗೆ 30 ಕಿ.ಮೀ. ವೇಗ ಸರಿ ಅಂತ ಇಟ್ಟುಕೊಳ್ಳಿ. 30ಕ್ಕೆ ಬಂದಾಗ ಗಟ್ಟಿಯಾಗಿ ಒತ್ತಿ 22ರ ಹತ್ತಿರ ಇಳಿಸಿ, ಪೂರ್ತಿ ಬಿಡಿ. ಮತ್ತೆ 30ಕ್ಕೆ ಏರುವವರೆಗೆ ಎಂಜಿನ್ ಹಿಡಿಯಲಿ, ಡ್ರಮ್ ಆರಲಿ. ಟಕಟಕ ಅಂತ ಒತ್ತುತ್ತಲೇ ಇರುವುದೂ ಸರಿಯಲ್ಲ. ಪ್ರತಿ ಒತ್ತಿಗೂ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ. ಗಾಳಿಯ ಒತ್ತಡ ತೋರಿಸುವ ಮುಳ್ಳು ಕೆಳಗೆ ಬಂದರೆ ಬಜರ್ ಕೂಗುತ್ತದೆ. ಒತ್ತಡ ಇನ್ನೂ ಕಡಿಮೆಯಾದರೆ, ಗಾಳಿ ಸಾಲದಾಗ ಹಿಡಿಯುವ ಸ್ಪ್ರಿಂಗ್ ಬ್ರೇಕ್ ತಾನಾಗಿಯೇ ಚಕ್ರ ಹಿಡಿಯುತ್ತದೆ, ಅದು ಯಾವ ತಿರುವಿನಲ್ಲಿ ಅಂತ ನಾವು ಹೇಳೋಕಾಗಲ್ಲ.

ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಓಡುತ್ತಿರಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ. ಕೀ ಆಫ್ ಮಾಡುವುದಂತೂ ಇನ್ನೂ ಕೆಟ್ಟದ್ದು. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಪವರ್ ಸ್ಟೇರಿಂಗ್ ಕೈಬಿಡುತ್ತದೆ.

[ದೃಶ್ಯ: ಮೇಲಿನಿಂದ ತೆಗೆದ ನಕ್ಷೆ. ಆಗುಂಬೆಯ ತಿರುವು, ಬಸ್ಸಿನ ಮುಂದಿನ ಮತ್ತು ಹಿಂದಿನ ಚಕ್ರಗಳ ದಾರಿ ಎರಡು ಬಣ್ಣದಲ್ಲಿ.]

ಇನ್ನು ತಿರುವು. ಆಗುಂಬೆಯಲ್ಲಿ ಇಂಥ ಹೇರ್‌ಪಿನ್ ತಿರುವುಗಳು 14 ಇವೆ. ಉದ್ದದ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಎಡಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ಅಗಲವಾಗಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಚರಂಡಿಗೆ ಬೀಳುತ್ತದೆ. ಅಂದರೆ ಎದುರು ಬರುವವರ ಜಾಗ ಬೇಕು. ಆದ್ದರಿಂದ ನಿಂತು, ಹಾರ್ನ್ ಹಾಕಿ, ನೋಡಿ, ಆಮೇಲೆ ಹೋಗಬೇಕು. ಹತ್ತುವ ಗಾಡಿಗೆ ಮೊದಲ ದಾರಿ. ಇದು ಡ್ರೈವರ್‌ಗಳ ನಡುವಿನ ಒಪ್ಪಂದ ಅಂತ ಹಲವರು ಅಂದುಕೊಂಡಿದ್ದಾರೆ. 1989ರ ರಸ್ತೆ ನಿಯಮಗಳಲ್ಲೇ ಇದು ಬರೆದಿತ್ತು: ರಸ್ತೆ ಅಗಲ ಸಾಲದ ಕಡೆ ಇಳಿಯುವವರು ಬದಿಗೆ ನಿಲ್ಲಿಸಿ ಹತ್ತುವವರಿಗೆ ಬಿಡಬೇಕು. ಮಳೆಗಾಲದಲ್ಲಿ ಸೈಡ್ ಕೊಡುವಾಗ ಮಾತ್ರ ಮಣ್ಣಿನ ಅಂಚನ್ನು ನಂಬಬೇಡಿ. ಮೇಲೆ ಹುಲ್ಲು ಗಟ್ಟಿ ಇದ್ದಂತೆ ಕಾಣುತ್ತೆ, ಒಳಗೆ ನೀರು ಕುಡಿದು ಮೆತ್ತಗಾಗಿರುತ್ತೆ. ಲೋಡ್ ಗಾಡಿಯ ಎಡಚಕ್ರ ಇಳಿಯಿತು ಅಂದ್ರೆ ಮುಗೀತು.

ಮಳೆನಾಡಿನ ಗಾಡಿಗೆ ಇನ್ನೊಂದು ಕೆಲಸ ಇದೆ. ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಏರ್ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ. ಟ್ಯಾಂಕಿನ ಕೆಳಗೆ ಡ್ರೈನ್ ವಾಲ್ವ್ ಇರುತ್ತೆ. ಅದನ್ನು ತೆರೆದರೆ ಬುಸ್ ಅಂತ ಗಾಳಿಯ ಜೊತೆ ನೀರು, ಕೆಲವೊಮ್ಮೆ ಎಣ್ಣೆ ಜಿಡ್ಡೂ ಬರುತ್ತದೆ. ನೀರು ನಿಂತಷ್ಟೂ ಗಾಳಿಗೆ ಜಾಗ ಕಡಿಮೆ, ವಾಲ್ವ್‌ಗಳಿಗೆ ತುಕ್ಕು. ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದಾದ ಈ ವಿಷಯ ಎಷ್ಟೋ ಜನರಿಗೆ ಯಾರೂ ಹೇಳಿರುವುದಿಲ್ಲ. ತರಬೇತಿ ಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

[ದೃಶ್ಯ: ತರಬೇತಿ ಟ್ರ್ಯಾಕ್, ಸಿಮ್ಯುಲೇಟರ್ ಮುಂದೆ ಕೂತ ಯುವಕ.]

ಈಗ ಕಾನೂನಿನ ಕಡೆ ಬರೋಣ. ಸಾರಿಗೆ ವಾಹನ ಓಡಿಸಲು 20 ವರ್ಷ ಆಗಿರಬೇಕು. ಭಾರಿ ವಾಹನದ ಎಲ್‌ಎಲ್, ಅಂದರೆ ಕಲಿಕಾ ಲೈಸೆನ್ಸ್ ಪಡೆಯುವ ಮೊದಲು ಲಘು ವಾಹನದ ಲೈಸೆನ್ಸ್ ಸಿಕ್ಕಿ ಕನಿಷ್ಠ ಒಂದು ವರ್ಷ ಆಗಿರಬೇಕು. ಡಾಕ್ಟರ್ ಸರ್ಟಿಫಿಕೇಟ್ ಬೇಕು. ಡ್ರೈವಿಂಗ್ ಸ್ಕೂಲಿನಿಂದ ಫಾರಂ 5, ಅಂದರೆ ತರಬೇತಿ ಮುಗಿಸಿದ ಪ್ರಮಾಣಪತ್ರ ಬೇಕು. ಜನ ಸಾಗಿಸುವ ಗಾಡಿಗೆ ಬ್ಯಾಡ್ಜ್ ಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲಿ ತೆಗೆದಿದ್ದಾರೆ. ಓದು ನಿಂತುಹೋದ ಹುಡುಗರಿಗೂ ಈಗ ದಾರಿ ಇದೆ. ಒಳ್ಳೆಯ ಬದಲಾವಣೆ. ಹಾಗೆ ಬರುವವರಿಗೆ ತರಬೇತಿ ಇನ್ನೂ ಗಟ್ಟಿಯಾಗಿ ಸಿಗಬೇಕು ಅಷ್ಟೇ.

2021ರ ಜುಲೈ 1ರಿಂದ ‘ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ’ ಅನ್ನುವ ವ್ಯವಸ್ಥೆ ಜಾರಿಗೆ ಬಂದಿದೆ. ಇದು ಸಾಮಾನ್ಯ ಡ್ರೈವಿಂಗ್ ಸ್ಕೂಲ್ ಅಲ್ಲ. ಭಾರಿ ವಾಹನ ಕಲಿಸುವ ಕೇಂದ್ರಕ್ಕೆ ಎರಡು ಎಕರೆ ಜಾಗ ಬೇಕು. ಸಿಮ್ಯುಲೇಟರ್ (ಗಾಡಿ ಓಡಿಸಿದಂತೆಯೇ ಅನುಭವ ಕೊಡುವ ಯಂತ್ರ), ಟೆಸ್ಟ್ ಟ್ರ್ಯಾಕ್, ಬೆರಳಚ್ಚು ಹಾಜರಿ ಎಲ್ಲ ಇರಬೇಕು. ಕಲಿಸುವವರಿಗೆ ಕನಿಷ್ಠ ಐದು ವರ್ಷ ಓಡಿಸಿದ ಅನುಭವ ಇರಬೇಕು. ಮಧ್ಯಮ ಮತ್ತು ಭಾರಿ ವಾಹನದ ಕೋರ್ಸ್ 38 ಗಂಟೆ, ಆರು ವಾರ. ಇಲ್ಲಿ ಪಾಸಾದವರು ಆರ್‌ಟಿಒದಲ್ಲಿ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕಿಲ್ಲ. ಕೇಂದ್ರದ ಮಾನ್ಯತೆ ಐದು ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಆದ್ದರಿಂದ ಫೀಸು ಕಟ್ಟುವ ಮೊದಲು ಮಾನ್ಯತೆ ಪತ್ರದ ದಿನಾಂಕ ನೋಡಿ. ನಾಚಿಕೆ ಬೇಡ, ಕೇಳಿ. ಶಿವಮೊಗ್ಗದವರು, ಸಾಗರದವರು ನಿಮ್ಮ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿ. ಕೇಂದ್ರಕ್ಕೆ ಹೋದಾಗ ಮೂರು ಪ್ರಶ್ನೆ ಕೇಳಿ: ಒಬ್ಬೊಬ್ಬರಿಗೆ ಸ್ಟೇರಿಂಗ್ ಮೇಲೆ ಎಷ್ಟು ಹೊತ್ತು? ಲೋಡ್ ಹಾಕಿದ ಗಾಡಿ ಓಡಿಸಲು ಕೊಡುತ್ತೀರಾ? ಏರಿನಲ್ಲಿ ನಿಲ್ಲಿಸಿ, ಹಿಂದೆ ಜಾರದಂತೆ ತೆಗೆಯುವುದನ್ನು ಕಲಿಸುತ್ತೀರಾ? ‘ಬರೋದು ಬೇಡ, ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಕೆಎಸ್‌ಆರ್‌ಟಿಸಿಗೆ ಸೇರುವ ಆಸೆ ಇರುವವರಿಗೆ ಇನ್ನೊಂದು ಮಾತು. ಅವರ ಆಯ್ಕೆ ಪರೀಕ್ಷೆ ಹಾಸನದ ತರಬೇತಿ ಕೇಂದ್ರದ ಕಂಪ್ಯೂಟರ್ ಟ್ರ್ಯಾಕಿನಲ್ಲಿ ನಡೆದಿದೆ. ಸೆನ್ಸರ್‌ಗಳೇ ಅಂಕ ಕೊಡುತ್ತವೆ. ಅಲ್ಲಿ ಅಂದಾಜಿನ ಕೆಲಸ ನಡೆಯಲ್ಲ.

ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಓಡಿಸುವವರಿಗೆ ಪ್ರತ್ಯೇಕವಾಗಿ ಮೂರು ದಿನದ ತರಬೇತಿ ಕಡ್ಡಾಯ. ಶಾಲಾ ಬಸ್ ಚಾಲಕರಿಗೆ ಭಾರಿ ವಾಹನ ಓಡಿಸಿದ ಐದು ವರ್ಷದ ಅನುಭವ ಬೇಕು ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಮಕ್ಕಳನ್ನು ಬಸ್ ಹತ್ತಿಸುವ ತಂದೆತಾಯಿಯರು ಶಾಲೆಯಲ್ಲಿ ಇದನ್ನು ಕೇಳಬಹುದು, ಕೇಳಲೇಬೇಕು.

ಪಿಕಪ್ ಓಡಿಸುವವರೂ ಈ ವಿಡಿಯೋ ನೋಡುತ್ತಿರುತ್ತೀರಿ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು. ಲಘು ವಾಹನದ ಲೈಸೆನ್ಸ್ ಇದ್ದರೆ 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು. ಕಾನೂನು ಪ್ರಕಾರ ನೀವು ಸರಿಯಾಗಿಯೇ ಇದ್ದೀರಿ. ಆದರೆ ಶುಂಠಿ ಮೂಟೆ ತಲೆಮಟ್ಟ ಹೇರಿದ ಪಿಕಪ್ಪಿಗೂ ಘಾಟಿ ಅದೇ, ಬ್ರೇಕ್ ಕಾಯುವ ರೀತಿಯೂ ಅದೇ. ಯಾರೂ ಕಡ್ಡಾಯ ಮಾಡದಿದ್ದರೂ ಒಂದು ಒಳ್ಳೆಯ ತರಬೇತಿ ತಗೊಳ್ಳಿ.

ಮಾಲೀಕರಿಗೂ ಒಂದು ವಿನಂತಿ. 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ ಕೆಲಸ, ಐದು ಗಂಟೆ ಓಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ ಬರೆದಿತ್ತು. ಎಷ್ಟೇ ತರಬೇತಿ ಕೊಟ್ಟರೂ ನಿದ್ದೆ ಇಲ್ಲದ ಕಣ್ಣಿಗೆ ಬೆಳಗಿನ ಜಾವದ ಮಂಜಿನಲ್ಲಿ ತಿರುವು ಕಾಣಲ್ಲ. ನಿಮ್ಮ ಕ್ಲೀನರ್ ಹುಡುಗನಿಗೆ ಆ ಆರು ವಾರದ ಫೀಸು ನೀವೇ ಕಟ್ಟಿ, ಆ ದಿನಗಳ ಸಂಬಳವನ್ನೂ ಕೊಡಿ. ಲಕ್ಷಗಟ್ಟಲೆ ಸಾಲ ಮಾಡಿ ತಂದ ಗಾಡಿ ಅವನ ಕೈಗೇ ಬರುತ್ತದೆ.

ಕೋರ್ಸ್ ಮುಗಿಸಿದ ಹುಡುಗರು ಮರುದಿನವೇ ಒಬ್ಬರೇ ಘಾಟಿಗೆ ಹೋಗಬೇಡಿ. ಟ್ರ್ಯಾಕ್ ಸಮತಟ್ಟು, ಹುಲಿಕಲ್ ಹಾಗಿಲ್ಲ. ಮೊದಲು ಅನುಭವಿ ಡ್ರೈವರ್ ಪಕ್ಕ ಕೂರಲಿ, ಹಗಲು ಹೊತ್ತಿನಲ್ಲಿ ಖಾಲಿ ಗಾಡಿ ಇಳಿಸಿ. ಕೆಳಗೆ ಹೋದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಟ್ಟಿಗೆ ತುಂಡು ಕೊಟ್ಟು, ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ. ಕಾವು ಎಷ್ಟಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಅರ್ಧ ಲೋಡ್, ಆಮೇಲೆ ಪೂರ್ತಿ ಲೋಡ್. ಮಳೆಯಲ್ಲಿ ಇಳಿಸುವುದು ಅದಾದ ಮೇಲೆ. ರಾತ್ರಿ ಟ್ರಿಪ್ ಎಲ್ಲಕ್ಕಿಂತ ಕೊನೆಗೆ.